ಗಡಿಯಾಚೆಗೆ ಕಳುಹುವ ಶಿಕ್ಷೆ

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ಕನ್ನಡ ಪಂಡಿತನೊಬ್ಬನನ್ನು ವೇದಿಕೆಗೆ ಕರೆದರೆ ಅವನು ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ಮಾತನಾಡುವನೆಂದು ತಾವು ನಿರೀಕ್ಷಿಸಿರುವುದು ಸಹಜವಾಗಿಯೇ ಇದೆ. ಆದರೆ ಈ ವರ್ಷ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ವರ್ತಮಾನಪತ್ರವನ್ನು ಕೈಯಲ್ಲಿ ಹಿಡಿದುಕೊಂಡು ಬಂದು, “ಸರ್, ಪರದೇಶದವರು ನಮ್ಮ ದೇಶದಾಗ ಬಂದು ಕಳವು ಮಾಡಿದ್ರ, ಅಫೀಮು-ಗಾಂಜಾ ಮಾರಿದ್ರ, ಅವತ್ತ ಅವರನ್ನ ಯಾಕ ಹೊರಗ ಹಾಕಂಗಿಲ್ಲ?” ಎಂದು ಕೇಳಿದ. ಪ್ರಶ್ನೆ ಚಿಕ್ಕದು. ಉತ್ತರವನ್ನು ಹುಡುಕಹೋದಾಗ ಅದು ಕಾಯಿದೆಯ ಪುಸ್ತಕಗಳಿಂದ ಹೊರಟು ನಮ್ಮ ಅಕ್ಕಲಕೋಟೆಯ ಓಣಿಗಳವರೆಗೂ ಬಂದುಬಿಟ್ಟಿತು. ಆದಕಾರಣ ಅದನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ಶಬ್ದವನ್ನು ನೋಡೋಣ. ಪಂಡಿತನ ಚಾಳಿಯೆಂದು ತಾವು ಕ್ಷಮಿಸಬೇಕು. ನಾವು ‘ಗಡೀಪಾರು’ ಎನ್ನುತ್ತೇವೆ. ಗಡಿಯಿಂದ ಆಚೆಗೆ ಎಂದು ಅರ್ಥ. ನಮ್ಮ ಮರಾಠಿ ನೆರೆಯವರು ‘ತಡೀಪಾರ’ ಎನ್ನುತ್ತಾರೆ. ನದಿಯ ತಡಿಯನ್ನು ದಾಟಿಸುವುದು. ‘ತಡಿ’ ನಮ್ಮಲ್ಲಿಯೂ ದಂಡೆಯೇ. ಅಂದಮೇಲೆ ಭೀಮೆಯ ಈ ದಡದವರೂ ಆ ದಡದವರೂ ಈ ಶಿಕ್ಷೆಯನ್ನು ಒಂದೇ ಬಗೆಯಾಗಿ ಕಲ್ಪಿಸಿಕೊಂಡರೆಂದಾಯಿತು: ಕೆಟ್ಟವನನ್ನು ಹೊಳೆ ದಾಟಿಸಿಬಿಟ್ಟರೆ ನಮ್ಮ ಊರಿನ ಪೀಡೆ ತೊಲಗಿತು! ಹೊಳೆಯ ಆಚೆಗೂ ಒಂದು ಊರಿದೆ, ಅಲ್ಲಿಯೂ ಮಕ್ಕಳೊಂದಿಗರು ಇದ್ದಾರೆ ಎಂಬ ಮಾತು ಈ ಶಬ್ದದೊಳಗೆ ಎಲ್ಲಿಯೂ ಇಲ್ಲ.

ಇದು ಹೊಸ ಶಿಕ್ಷೆಯಲ್ಲ. ಯಾಜ್ಞವಲ್ಕ್ಯಸ್ಮೃತಿಯಲ್ಲಿ, ಸಮುದಾಯದ ಹಣವನ್ನು ಅಪಹರಿಸಿದವನನ್ನೂ ಊರಿನ ಒಪ್ಪಂದವನ್ನು ಮುರಿದವನನ್ನೂ ಸರ್ವಸ್ವವನ್ನು ಕಸಿದುಕೊಂಡು ರಾಷ್ಟ್ರದಿಂದ ಹೊರಗೆ ಕಳುಹಬೇಕೆಂಬ ವಿಧಿಯಿದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ನಮಗೆ ಅನತಿದೂರದ ಕಲ್ಯಾಣದಲ್ಲಿಯೇ ಇದ್ದವನು. ಆಗಿನ ಕಾಲಕ್ಕೆ ಆ ವಿಧಿ ಸುಲಭವಾಗಿತ್ತೆಂದು ತೋರುತ್ತದೆ. ರಾಜ್ಯದ ಎಲ್ಲೆ ಮುಗಿದಲ್ಲಿ ಅಡವಿಯೋ ಶತ್ರುರಾಜ್ಯವೋ ಇರುತ್ತಿತ್ತು. ಹೊರಹಾಕಲ್ಪಟ್ಟವನನ್ನು ಕುರಿತು ಯಾರೂ ಪತ್ರ ಬರೆಯುತ್ತಿರಲಿಲ್ಲ.

ನಮ್ಮ ಅಜ್ಜಂದಿರ ಕಾಲಕ್ಕೆ ಬರೋಣ. 1948ರಲ್ಲಿ ವಿಲೀನವಾಗುವವರೆಗೆ ಅಕ್ಕಲಕೋಟೆ ಒಂದು ಸಂಸ್ಥಾನ; ಭೋಸಲೆ ರಾಜರ ಆಳಿಕೆ. ಪಶ್ಚಿಮಕ್ಕೆ ಬ್ರಿಟಿಶರ ಸೊಲ್ಲಾಪುರ ಜಿಲ್ಲೆ, ದಕ್ಷಿಣಕ್ಕೆ ವಿಜಾಪುರ ಜಿಲ್ಲೆಯ ಇಂಡಿ ತಾಲೂಕು, ಪೂರ್ವಕ್ಕೆ ನಿಜಾಮರ ಆಳಂದ. ಎತ್ತಿನ ಗಾಡಿಯಲ್ಲಿ ಬೆಳಿಗ್ಗೆ ಹೊರಟವನು ಸಂಜೆಯೊಳಗೆ ಮೂರು ಸರಕಾರಗಳ ಮಣ್ಣನ್ನು ಮೆಟ್ಟಬಹುದಾಗಿತ್ತು. ಇತ್ತ ಎತ್ತು ಕದ್ದವನು ಅತ್ತ ಆಳಂದದ ಸಂತೆಯಲ್ಲಿ ಸಾಹುಕಾರನಾಗಿ ಕುಳಿತಿರುವುದು ಅಸಾಧ್ಯವೇನೂ ಆಗಿರಲಿಲ್ಲ. ಅಕ್ಕಲಕೋಟೆಯ ಕಚೇರಿಗೆ ಸೊಲ್ಲಾಪುರದವನು ಅಂದು ಕಾಯಿದೆಯ ದೃಷ್ಟಿಯಿಂದ ಪರರಾಜ್ಯದವನೇ. ಅವನನ್ನು ಹಿಡಿದು ತರಬೇಕಾದರೆ 1903ರ ಹಿಂದುಸ್ತಾನದ ಅಪರಾಧಿ-ಹಸ್ತಾಂತರ ಕಾಯಿದೆಯ ಮೇರೆಗೆ ಪೊಲಿಟಿಕಲ್ ಏಜಂಟರ ವಾರಂಟು ಹೊರಡಬೇಕಾಗಿತ್ತು. ಭಾಷೆ ಒಂದೇ, ಬೀಗರು ಅಲ್ಲಿಯೇ, ಸಿದ್ಧರಾಮನ ಜಾತ್ರೆಗೆ ಎಲ್ಲರೂ ಬರುವವರೇ. ಆದರೆ ಅಪರಾಧದ ಮಟ್ಟಿಗೆ ಪರದೇಶ!

ಸಂಸ್ಥಾನಗಳು ಅಳಿದಾಗ ಈ ಒಪ್ಪಂದಗಳ ಗತಿ ಏನು? ಈ ಪ್ರಶ್ನೆ 1950ರಲ್ಲಿಯೇ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ರಾಜಪುತಾನದ ಟೋಂಕ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ರಾಮಬಾಬು ಸಕ್ಸೇನಾ ಎಂಬವರನ್ನು ಅಲ್ಲಿಯ ಆರೋಪಗಳಿಗಾಗಿ ನೈನಿತಾಲದಲ್ಲಿ ಹಿಡಿದಾಗ, 1869ರ ಟೋಂಕ ಒಪ್ಪಂದದಲ್ಲಿ ಈ ಅಪರಾಧಗಳಿಲ್ಲವೆಂದು ಅವರು ವಾದಿಸಿದರು. ಸಂಸ್ಥಾನವೇ ದೊಡ್ಡ ರಾಜ್ಯದಲ್ಲಿ ಕರಗಿಹೋದ ಮೇಲೆ ಆ ಒಪ್ಪಂದವನ್ನು ನಡೆಸಲು ಬಾರದೆಂದು ನ್ಯಾಯಾಲಯ ಹೇಳಿ ಅವರ ಅರ್ಜಿಯನ್ನು ತಳ್ಳಿಹಾಕಿತು. ಇಂದು ಅಕ್ಕಲಕೋಟೆಯ ಫೌಜದಾರನು ಕೋರ್ಟಿನ ವಾರಂಟು ಹಿಡಿದುಕೊಂಡು ಆಳಂದಕ್ಕೆ ಹೋಗಿ ಆರೋಪಿಯನ್ನು ಕರೆತರಬಲ್ಲ. ಪರದೇಶದ ಗೆರೆ ನಮ್ಮ ಓಣಿಯಿಂದ ಎದ್ದು ಸಮುದ್ರದ ತೀರಕ್ಕೂ ದೂರದ ಸರಹದ್ದಿಗೂ ಹೋಯಿತು.

ಹೋಯಿತಾದರೂ ಗಡೀಪಾರು ಉಳಿದುಕೊಂಡಿತು, ಜಿಲ್ಲೆಯ ಮಟ್ಟದಲ್ಲಿ. ಚುನಾವಣೆಯೋ ಗಣೇಶೋತ್ಸವವೋ ಸಮೀಪಿಸಿದಾಗ ಇಂಥಿಂಥವರನ್ನು ಸೊಲ್ಲಾಪುರ ಮತ್ತು ಧಾರಾಶಿವ ಜಿಲ್ಲೆಗಳಿಂದ ತಡೀಪಾರ ಮಾಡಲಾಗಿದೆ ಎಂಬ ಸುದ್ದಿಯನ್ನು ತಾವು ಓದಿಯೇ ಇರುತ್ತೀರಿ. 1951ರ ಮುಂಬಯಿ ಪೊಲೀಸ್ ಕಾಯಿದೆ, ಈಗ ಮಹಾರಾಷ್ಟ್ರ ಪೊಲೀಸ್ ಕಾಯಿದೆಯೆನಿಸಿರುವುದು, ಅದರ 55, 56 ಮತ್ತು 57ನೆಯ ಕಲಮುಗಳು ಇದಕ್ಕೆ ಆಧಾರ. ಟೋಳಿ ಕಟ್ಟಿದವರು, ಜನರಲ್ಲಿ ಭೀತಿಯನ್ನು ಹುಟ್ಟಿಸುವವರು, ಮೊದಲೇ ಶಿಕ್ಷೆಯಾದವರು ಇವರನ್ನು ಅಧಿಕಾರಿಯು ಹೆಚ್ಚೆಂದರೆ ಎರಡು ವರ್ಷ ಜಿಲ್ಲೆಯಿಂದಲೂ ಅದಕ್ಕೆ ತಗುಲಿದ ಜಿಲ್ಲೆಗಳಿಂದಲೂ ಹೊರಗಿರಿಸಬಹುದು. ಮೊದಲು ನೋಟೀಸು ಕೊಟ್ಟು ಅವನ ಮಾತನ್ನು ಕೇಳಬೇಕು; ಆಜ್ಞೆಯಾದ ಮೂವತ್ತು ದಿನಗಳೊಳಗೆ ಸರಕಾರಕ್ಕೆ ಅಪೀಲು ಮಾಡಲು ಅವಕಾಶವಿದೆ; ಅನುಮತಿಯಿಲ್ಲದೆ ತಿರುಗಿ ಬಂದರೆ ಅದೇ ಒಂದು ಅಪರಾಧ.

ಆದರೆ ಮಹಾರಾಷ್ಟ್ರದ ಆಜ್ಞೆ ಮಹಾರಾಷ್ಟ್ರದ ಗಡಿಗೆ ಮುಗಿಯುತ್ತದೆ. ಅಕ್ಕಲಕೋಟೆಯಿಂದ ತಡೀಪಾರಾದವನು ಎಲ್ಲಿಗೆ ಹೋದಾನು? ಹತ್ತಿರವಿರುವುದು ಆಳಂದ, ಅಫಜಲಪುರ, ಇಂಡಿ. ಅತ್ತ ಕರ್ನಾಟಕದ ಪೊಲೀಸ್ ಕಾಯಿದೆಯಲ್ಲಿಯೂ ಇಂಥದೇ ಅಧಿಕಾರವಿದೆ. ಅಲ್ಲಿಂದ ಹೊರಬಿದ್ದವನಿಗೆ ಹತ್ತಿರವಾದುದು ನಮ್ಮ ಸೊಲ್ಲಾಪುರ. ಒಂದು ಮನೆಯ ಕಸ ಇನ್ನೊಂದು ಮನೆಯ ಅಂಗಳಕ್ಕೆ, ಆ ಮನೆಯದು ಈ ಅಂಗಳಕ್ಕೆ! ಕರ್ನಾಟಕದಲ್ಲಿ 2025ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಿಂದ ಒಬ್ಬರನ್ನು ರಾಯಚೂರು ಜಿಲ್ಲೆಯ ಮಾನ್ವಿಗೆ ಕಳುಹುವ ಆಜ್ಞೆ ಹೊರಟಿತ್ತು. ಕರಾವಳಿಗೆ ಬೇಡವಾದವನು ಮಾನ್ವಿಗೆ ಬೇಕೆ ಎಂದು ಮಾನ್ವಿಯವರನ್ನು ಕೇಳುವ ಕಲಮು ಕಾಯಿದೆಯಲ್ಲಿಲ್ಲ.

ಇಂಥ ಅಧಿಕಾರ ಹೇಗೆ ದಾರಿ ತಪ್ಪಬಹುದೆಂಬುದಕ್ಕೆ 1980ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರೇಮಚಂದ ಪಾನೀವಾಲಾ ಎಂಬವನ ಖಟ್ಲೆಯನ್ನು ಹೇಳಲೇಬೇಕು. ಅವನು ದಿಲ್ಲಿಯಲ್ಲಿ ತಂಪು ಪಾನೀಯಗಳನ್ನು ಮಾರುತ್ತಿದ್ದ ಬಡ ಮನುಷ್ಯ. ಪೊಲೀಸರ ಒತ್ತಾಯಕ್ಕಾಗಿ ತಾನು ಸುಮಾರು 3000 ಖಟ್ಲೆಗಳಲ್ಲಿ ಸಾಕ್ಷಿ ನುಡಿದಿರುವೆನೆಂದು ಅವನೇ ಪ್ರಮಾಣಪತ್ರದಲ್ಲಿ ಬರೆದುಕೊಟ್ಟ. ಕಣ್ಣಿಗೆ ಕಾಣದುದನ್ನು ಕಂಡೆನೆಂದು ಮೂರು ಸಾವಿರ ಸಲ ಹೇಳಿದ ಪುಣ್ಯಾತ್ಮ! ಇನ್ನು ಸುಳ್ಳುಸಾಕ್ಷಿ ಹೇಳಲಾರೆನೆಂದು ಅವನು ನಿರಾಕರಿಸಿದಾಗ ಅವನ ಮೇಲೆಯೇ ಗಡೀಪಾರಿನ ನೋಟೀಸು ಬಂದಿತಂತೆ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಪೊಲೀಸರ ಊಹೆ ಸಾಲದು, ನಂಬತಕ್ಕ ಆಧಾರದ ಮೇಲೆ ಸ್ಪಷ್ಟವಾದ ಅಪಾಯ ಕಂಡುಬರಬೇಕು ಎಂದು ವಿಧಿಸಿದರು. 2022ರ ಜನವರಿಯಲ್ಲಿ ನಮ್ಮ ರಾಜ್ಯದ ಜಾಲನಾ ಜಿಲ್ಲೆಯ ಒಂದು ತಡೀಪಾರಿನ ಆಜ್ಞೆಯನ್ನು ರದ್ದುಗೊಳಿಸುವಾಗಲೂ ಸುಪ್ರೀಂ ಕೋರ್ಟು, ಇದು ಅಸಾಧಾರಣವಾದ ಕ್ರಮ, ನಿತ್ಯದ ಅಸ್ತ್ರವಲ್ಲ ಎಂದು ಎಚ್ಚರಿಸಿತು. ದೇಶದ ಯಾವ ಭಾಗದಲ್ಲಿಯಾದರೂ ಸಂಚರಿಸುವ, ನೆಲಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ಪ್ರತಿಯೊಬ್ಬ ನಾಗರಿಕನಿಗೆ ಕೊಟ್ಟಿರುವುದೇ ಇದಕ್ಕೆ ಕಾರಣ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಪರದೇಶದವನಿಗೆ ಈ 19ನೆಯ ಅನುಚ್ಛೇದದ ರಕ್ಷಣೆಯಿಲ್ಲ. ಪ್ರಾಣ ಮತ್ತು ದೇಹಸ್ವಾತಂತ್ರ್ಯವನ್ನು ಕಾಯುವ 21ನೆಯದು ಮಾತ್ರ ಅವನಿಗೂ ಉಂಟು. 1955ರಲ್ಲಿ ಹಾನ್ಸ್ ಮ್ಯೂಲರ್ ಎಂಬ ಜರ್ಮನ್ ಪ್ರಜೆ ಕಲಕತ್ತೆಯ ಸೆರೆಮನೆಯಿಂದ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿಕೊಂಡಾಗ, ವಿದೇಶೀಯರನ್ನು ಹೊರಗೆ ಹಾಕುವ ಸರಕಾರದ ಅಧಿಕಾರಕ್ಕೆ ಅಂಕೆಯಿಲ್ಲವೆಂದು ನ್ಯಾಯಾಲಯ ಸಾರಿತು. ಆದರೆ ಅದೇ ತೀರ್ಪಿನಲ್ಲಿ ಒಂದು ಸೂಕ್ಷ್ಮವಾದ ಮಾತೂ ಇದೆ. ಹೊರಗೆ ಹಾಕುವುದು ಬೇರೆ, ಹಿಡಿದು ಒಪ್ಪಿಸುವುದು ಬೇರೆ. ಹೊರಹೋಗೆಂದು ಆಜ್ಞೆಯಾದವನು ಸ್ವತಂತ್ರ ಮನುಷ್ಯನಾಗಿ ಹೊರಡುತ್ತಾನೆ. ಅವನ ದೇಶದ ಪೊಲೀಸರಿಗೆ ಅವನನ್ನು ಕೈಸೆರೆಯಾಗಿ ಒಪ್ಪಿಸಬೇಕಾದರೆ ಹಸ್ತಾಂತರದ ಕಾಯಿದೆ, ಒಪ್ಪಂದ, ಕೋರ್ಟು ಇವೆಲ್ಲ ಬೇಕು. 1991ರಲ್ಲಿ, 1937ರಿಂದ ಈ ದೇಶದಲ್ಲಿಯೇ ಇದ್ದ ಬೆಲ್ಜಿಯಂ ದೇಶದ ಪಾದ್ರಿ ಲೂಯಿ ದ ರೇಟ್ ಅವರ ಖಟ್ಲೆಯಲ್ಲಿಯೂ, ಇಷ್ಟು ವರ್ಷ ಇದ್ದೆನೆಂಬುದರಿಂದಲೇ ಇರುವ ಹಕ್ಕು ಹುಟ್ಟುವುದಿಲ್ಲವೆಂದು ತೀರ್ಪಾಯಿತು. ಅವರು ಅಪರಾಧಿಯಲ್ಲ, ಅರ್ಧ ಶತಮಾನ ಇಲ್ಲಿಯೇ ಬಾಳಿದವರು. ಕಾಯಿದೆ ಅಷ್ಟು ಕಟುವಾಗಿದೆ. 1946ರ ವಿದೇಶೀಯರ ಕಾಯಿದೆಯನ್ನೂ ಇನ್ನು ಮೂರು ಕಾಯಿದೆಗಳನ್ನೂ ತೆಗೆದುಹಾಕಿ ಅವುಗಳ ಸ್ಥಾನಕ್ಕೆ ತಂದ ಹೊಸ ಕಾಯಿದೆ 2025ರ ಸಪ್ಟಂಬರ 1ರಿಂದ ಜಾರಿಯಲ್ಲಿದೆ. ಅದರಲ್ಲಿಯೂ ಈ ಅಧಿಕಾರ ಹಾಗೆಯೇ ಉಳಿದಿದೆ.

ಅಧಿಕಾರ ಇಷ್ಟಿದ್ದರೂ ಅಪರಾಧಿಯಾದ ವಿದೇಶೀಯನು ಮರುದಿನವೇ ವಿಮಾನ ಏರುವುದಿಲ್ಲವೇಕೆ?

ಮೊದಲನೆಯ ತೊಡಕು ಅಪರಾಧವೇ. ಕಳವು ಮಾಡಿದವನನ್ನು ಕೂಡಲೆ ಊರಿಗೆ ಕಳುಹಿಬಿಟ್ಟರೆ ಅದು ಶಿಕ್ಷೆಯಾಯಿತೋ, ಸರಕಾರದ ಖರ್ಚಿನಲ್ಲಿ ಬಿಡುಗಡೆಯಾಯಿತೋ? ಕಳೆದುಕೊಂಡವನಿಗೆ ನ್ಯಾಯವೆಲ್ಲಿ? ಆದುದರಿಂದ ಖಟ್ಲೆ ನಡೆಯಬೇಕು, ಶಿಕ್ಷೆಯಾಗಬೇಕು, ಅದನ್ನು ಅನುಭವಿಸಬೇಕು, ಆಮೇಲೆ ಹೊರಗೆ. ನಮ್ಮ ಕೋರ್ಟುಗಳಲ್ಲಿ ಖಟ್ಲೆ ಎಷ್ಟು ವರ್ಷ ನಡೆಯುತ್ತದೆಂಬುದನ್ನು ಹೊಲದ ಬಾಂದಿನ ವ್ಯಾಜ್ಯ ಹೂಡಿದವರಿಗೆ ನಾನು ತಿಳಿಸಬೇಕಾಗಿಲ್ಲ. ಅಷ್ಟು ವರ್ಷವೂ ಅವನು ಇಲ್ಲಿಯೇ ಇರಬೇಕಾಗುತ್ತದೆ, ಏಕೆಂದರೆ ಆರೋಪಿಯು ದೇಶ ಬಿಟ್ಟು ಹೋಗಕೂಡದು! ಒಂದು ಕಾಯಿದೆ ‘ಹೋಗು’ ಎನ್ನುತ್ತದೆ, ಇನ್ನೊಂದು ‘ನಿಲ್ಲು’ ಎನ್ನುತ್ತದೆ. ಚತುರನಾದವನು ಈ ಎರಡರ ನಡುವೆ ಮನೆ ಮಾಡಿಕೊಳ್ಳಬಲ್ಲ.

ಇದರಲ್ಲಿ ಮಹಾಚತುರನೆಂದರೆ ಚಾರ್ಲ್ಸ್ ಶೋಭರಾಜ. ಸೈಗಾನಿನಲ್ಲಿ ಹುಟ್ಟಿ ಫ್ರಾನ್ಸಿನ ಪ್ರಜೆಯಾಗಿ 1976ರಲ್ಲಿ ದಿಲ್ಲಿಯಲ್ಲಿ ಸಿಕ್ಕಿಬಿದ್ದ ಇವನ ಮೇಲೆ ಥಾಯ್ಲೆಂಡಿನಲ್ಲಿ ಕೊಲೆಯ ಆರೋಪಗಳಿದ್ದುವು. ಅಲ್ಲಿ ಸಿಕ್ಕರೆ ಮರಣದಂಡನೆಯ ಭಯ. ಅಲ್ಲಿಯ ವಾರಂಟಿಗೆ ಇಪ್ಪತ್ತು ವರ್ಷದ ಅವಧಿ. ದಿಲ್ಲಿಯ ಶಿಕ್ಷೆ ಮುಗಿಯುವ ಕಾಲ ಹತ್ತಿರವಾದಾಗ, 1986ರ ಮಾರ್ಚಿಯಲ್ಲಿ, ಹುಟ್ಟುಹಬ್ಬದ ನೆವದಿಂದ ಕಾವಲುಗಾರರಿಗೆ ಮದ್ದು ಬೆರಸಿದ ಸಿಹಿಯನ್ನು ಹಂಚಿ ತಿಹಾರ ಜೇಲಿನಿಂದ ಹೊರಟುಹೋದ. ಕೆಲವೇ ವಾರಗಳಲ್ಲಿ ಗೋವೆಯ ಒಂದು ಹೊಟೇಲಿನಲ್ಲಿ ಮುಂಬಯಿ ಪೊಲೀಸರ ಕೈಗೆ ಸಿಕ್ಕ. ಓಡಿಹೋದುದಕ್ಕೆ ಮತ್ತೆ ಶಿಕ್ಷೆ. 1997ರಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಥಾಯ್ಲೆಂಡಿನ ವಾರಂಟು ಸತ್ತುಹೋಗಿತ್ತು. ಅವನನ್ನು ಫ್ರಾನ್ಸಿಗೆ ಕಳುಹಲಾಯಿತು. ಸಿಕ್ಕಿಬೀಳುವುದಕ್ಕಾಗಿಯೇ ಓಡಿದನೆಂದು ಬಹುಜನರ ಅಭಿಪ್ರಾಯ. ಆಮೇಲೆ 2003ರಲ್ಲಿ ನೇಪಾಳದಲ್ಲಿ ಸೆರೆಯಾಗಿ 2022ರ ಡಿಸೆಂಬರದಲ್ಲಿ ಅಲ್ಲಿಂದಲೂ ಫ್ರಾನ್ಸಿಗೆ ರವಾನೆಯಾದ. ಈ ಬಗೆಯ ಮನುಷ್ಯರು ಅಪರೂಪ. ಆದರೆ ಸಣ್ಣದೊಂದು ಖಟ್ಲೆಯಿದ್ದರೆ ಹೊರಹೋಗುವುದು ತಪ್ಪುತ್ತದೆಂಬ ಲೆಕ್ಕ ಬಡ ಕಳ್ಳನಿಗೂ ಹೊಳೆಯದೆ ಇರುವುದಿಲ್ಲ.

ಬೆಂಗಳೂರಿನಲ್ಲಿ ಈ ತೊಡಕು ನಿತ್ಯದ್ದು. ಓದಲೆಂದೋ ವ್ಯಾಪಾರಕ್ಕೆಂದೋ ಬಂದು ವೀಸಾ ಮುಗಿದ ಮೇಲೂ ಉಳಿದವರು, ಮಾದಕ ಪದಾರ್ಥಗಳ ಖಟ್ಲೆಯಲ್ಲಿ ಸಿಕ್ಕವರು, ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವರು ಇವರನ್ನು ಹೊರಡುವವರೆಗೆ ಇರಿಸಲೆಂದು ನೆಲಮಂಗಲದ ಸಮೀಪ ಸೊಂಡೆಕೊಪ್ಪದಲ್ಲಿ ಸಮಾಜಕಲ್ಯಾಣ ಇಲಾಖೆಯ ಹಳೆಯ ವಸತಿಗೃಹವೊಂದನ್ನೇ ಮಾರ್ಪಡಿಸಿ ಕೇಂದ್ರವನ್ನು ಮಾಡಿದರು. 2020ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟು ಬಾಬುಲ್ ಖಾನ್ ಮುಂತಾದವರ ಜಾಮೀನಿನ ಖಟ್ಲೆಯಲ್ಲಿ ಇಂಥವರ ವಿಚಾರಣೆ, ಜಾಮೀನು, ಇರಿಸುವ ಸ್ಥಳ ಇವುಗಳನ್ನು ಕುರಿತು ವಿಸ್ತಾರವಾದ ಸೂಚನೆಗಳನ್ನು ಕೊಟ್ಟಿತು. ಜಾಮೀನಿನ ಪ್ರಶ್ನೆಯೂ ಸುಲಭದ್ದಲ್ಲ. ವಿದೇಶೀಯನು ಓಡಿಹೋಗುವುದಿಲ್ಲವೆಂದು ಅವನ ರಾಯಭಾರ ಕಚೇರಿಯ ಪ್ರಮಾಣಪತ್ರ ತರಲಿ ಎಂದು ಕೋರ್ಟುಗಳು ಕೇಳುತ್ತಿದ್ದುವು. ಕಚೇರಿಯವರು ಕೊಡದಿದ್ದರೆ ಅವನೇನು ಮಾಡಬೇಕು? ತನ್ನ ಕೈಯಲ್ಲಿಲ್ಲದ ಸಂಗತಿಗಾಗಿ ಜಾಮೀನನ್ನು ನಿರಾಕರಿಸಲಾಗದೆಂದು ನೈಜೀರಿಯಾದ ಒಬ್ಬನ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ತೀರ್ಮಾನಿಸಿತು.

ಶಿಕ್ಷೆಯಾದವನು ಉಳಿದ ಶಿಕ್ಷೆಯನ್ನು ತನ್ನ ದೇಶದ ಜೇಲಿನಲ್ಲಿಯೇ ಕಳೆಯಲು 2003ರ ಕಾಯಿದೆಯೊಂದು ಅವಕಾಶ ಕೊಡುತ್ತದೆ. ಅದಕ್ಕೆ ಕೈದಿಯ ಒಪ್ಪಿಗೆಯೂ ಎರಡು ಸರಕಾರಗಳ ಒಪ್ಪಿಗೆಯೂ ಬೇಕು. ಒಳ್ಳೆಯ ಕಾಯಿದೆ, ಇನ್ನೂ ಹೆಚ್ಚು ದೇಶಗಳೊಡನೆ ಒಪ್ಪಂದಗಳಾಗಿ, ಹೆಚ್ಚು ಬಳಕೆಗೆ ಬಂದರೆ ನನಗೆ ಸಂತೋಷ. ಅತ್ತ ಪರದೇಶದ ಜೇಲಿನಲ್ಲಿರುವ ನಮ್ಮ ಮಕ್ಕಳಿಗೂ ಅದೇ ದಾರಿ.

ಎರಡನೆಯ ತೊಡಕು ಹೊಳೆಯ ಆಚೆಯ ದಂಡೆಯದು. ಕಳುಹುವವನು ಸಿದ್ಧನಾದರೆ ಸಾಲದು, ಬರಮಾಡಿಕೊಳ್ಳುವವನು ಬೇಕು. ಪಾಸ್‌ಪೋರ್ಟನ್ನು ಹರಿದೆಸೆದು ಊರ ಹೆಸರನ್ನು ಸುಳ್ಳು ಹೇಳಿದವನನ್ನು ಯಾವ ದೇಶಕ್ಕೆ ಕಳುಹುವುದು? ಅವನ ರಾಯಭಾರಿ ‘ಇವನು ನಮ್ಮವನು’ ಎಂದು ಪ್ರಯಾಣದ ಪತ್ರವನ್ನು ಕೊಡಬೇಕು. ಕೊಡದಿದ್ದರೆ? 2025ರ ಫೆಬ್ರುವರಿಯಲ್ಲಿ ಅಸಾಮದ ಕೇಂದ್ರದಲ್ಲಿದ್ದ 63 ಜನರ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅವರ ಪರದೇಶದ ವಿಳಾಸ ತಿಳಿಯದು ಎಂದು ರಾಜ್ಯಸರಕಾರ ಹೇಳಿತು. ಕಳುಹಲು ಮುಹೂರ್ತಕ್ಕಾಗಿ ಕಾದಿರುವಿರಾ ಎಂದು ನ್ಯಾಯಮೂರ್ತಿಗಳು ಕೇಳಿದರು. ಎರಡು ಮಾತಿನಲ್ಲಿಯೂ ಸತ್ಯವಿದೆ. ವಿದೇಶೀಯನೆಂದು ತೀರ್ಮಾನವಾದವನನ್ನು ಕಾಲಮಿತಿಯಿಲ್ಲದೆ ಕೂಡಿಹಾಕಬಾರದು. ಆದರೆ ಬಾಗಿಲು ತೆರೆಯುವವರಿಲ್ಲದ ಮನೆಗೆ ಕಳುಹುವುದೂ ಆಗದು.

ಅಮೇರಿಕೆಯಂಥ ಬಲಾಢ್ಯ ದೇಶಕ್ಕೂ ಇದು ತಪ್ಪಿಲ್ಲ. ಕೆಸ್ತುತಿಸ್ ಜಾಡ್ವಿಡಾಸ್ ಎಂಬವನು ಯುದ್ಧದ ಮೇಲೆ ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ಲಿಥುವೇನಿಯಾದ ತಂದೆತಾಯಿಗಳಿಗೆ ಹುಟ್ಟಿ, ಎಳೆತನದಲ್ಲಿ ಅಮೇರಿಕೆಗೆ ಹೋಗಿ, ಅಲ್ಲಿ ಅಪರಾಧಗಳಿಗಾಗಿ ಸೆರೆಯಾದ. ಶಿಕ್ಷೆ ಮುಗಿದ ಮೇಲೆ ಅವನನ್ನು ಹೊರಹಾಕಲು ಹೊರಟರೆ ಜರ್ಮನಿ ಒಲ್ಲೆನೆಂದಿತು, ಲಿಥುವೇನಿಯಾ ಒಲ್ಲೆನೆಂದಿತು. ಹಾಗಾದರೆ ಸಾಯುವವರೆಗೆ ಕೂಡಿಹಾಕುವುದೆ? ಸಮೀಪ ಕಾಲದಲ್ಲಿ ಕಳುಹುವ ಸಂಭವವೇ ಇಲ್ಲವಾದರೆ ಆರು ತಿಂಗಳ ಮೇಲೆ ಸಾಮಾನ್ಯವಾಗಿ ಇರಿಸಿಕೊಳ್ಳಲಾಗದೆಂದು ಅಲ್ಲಿಯ ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು.

ಇನ್ನು ರಾಜಕಾರಣ. ಬ್ರಿಟನ್ನಿನಲ್ಲಿ 1999ರಿಂದ 2006ರವರೆಗೆ 1023 ಜನ ವಿದೇಶೀ ಕೈದಿಗಳನ್ನು, ದೇಶದಿಂದ ಹೊರಗೆ ಕಳುಹಬೇಕೆ ಎಂದು ವಿಚಾರವನ್ನೇ ಮಾಡದೆ ಜೇಲಿನಿಂದ ಬಿಟ್ಟುಬಿಟ್ಟಿದ್ದರೆಂದು ಬಯಲಾದಾಗ ಗೃಹಮಂತ್ರಿ ಚಾರ್ಲ್ಸ್ ಕ್ಲಾರ್ಕ್ ಪದವಿಯನ್ನು ಕಳೆದುಕೊಂಡರು. ಮರುವರ್ಷವೇ, ಹನ್ನೆರಡು ತಿಂಗಳು ಅಥವಾ ಹೆಚ್ಚು ಶಿಕ್ಷೆಯಾದ ವಿದೇಶೀಯನನ್ನು ಹೊರಹಾಕಲೇಬೇಕೆಂಬ ಕಾಯಿದೆ ಬಂದಿತು. ಕಚೇರಿಯಲ್ಲಿ ಕಾಗದ ಹುಡುಕದೆ ಕುಳಿತ ಗುಮಾಸ್ತರ ತಪ್ಪಿಗೆ ಹೊಸ ಕಾಯಿದೆಯ ಮದ್ದು! ಇಂಥ ಮದ್ದನ್ನು ನಾವೂ ಬಲ್ಲೆವು. 2025ರ ಫೆಬ್ರುವರಿ 5ರಂದು ಅಮೇರಿಕೆಯ ಸೈನ್ಯದ ವಿಮಾನ 104 ಜನ ಭಾರತೀಯರನ್ನು ಕೈಕೋಳ-ಕಾಲುಸಂಕೋಲೆ ಹಾಕಿ ಅಮೃತಸರಕ್ಕೆ ತಂದಿಳಿಸಿದಾಗ ದೇಶವೆಲ್ಲ ನೊಂದಿತು. ಅಕ್ರಮವಾಗಿ ಹೋದವರೆಂಬುದು ಅವರ ಮೇಲಿನ ದೂರು. ನಾವು ನೊಂದುದು ಅವರು ತಿರುಗಿ ಬಂದರೆಂದಲ್ಲ, ಬಂದ ರೀತಿಗಾಗಿ. ಕಳುಹುವ ದಂಡೆಯಲ್ಲಿ ನಿಂತಾಗ ಒಂದು ಬಗೆ ಕಾಣುವ ವಿಷಯ, ಇಳಿಸಿಕೊಳ್ಳುವ ದಂಡೆಯಲ್ಲಿ ನಿಂತಾಗ ಬೇರೆ ಬಗೆ ಕಾಣುತ್ತದೆ.

ಮೂರನೆಯ ತೊಡಕನ್ನು ಕಡೆಗೆ ಇಟ್ಟುಕೊಂಡಿದ್ದೇನೆ. ಗಡಿಯ ಜನರಾದ ನಮಗೆ ತಾಗುವುದು ಇದೇ. ಯಾರು ಪರದೇಶದವನು? ಅದನ್ನು ಗೊತ್ತುಮಾಡುವವರು ಯಾರು, ಯಾವುದರಿಂದ?

ನಾಗರಿಕನನ್ನು ದೇಶದಿಂದ ಹೊರಹಾಕಲಾಗದೆಂದು 1954ರಲ್ಲಿಯೇ ತೀರ್ಮಾನವಾಗಿದೆ. ಪಾಕಿಸ್ತಾನಕ್ಕೆ ಹೋಗಿ ಪರವಾನಗಿಯಿಲ್ಲದೆ ಮರಳಿದ ಭಾರತೀಯರನ್ನು ಹೊರಹಾಕುವ 1949ರ ಕಾಯಿದೆಯ ಕಲಮನ್ನು, ನಮ್ಮ ಮುಂಬಯಿ ರಾಜ್ಯವೇ ಪ್ರತಿವಾದಿಯಾಗಿದ್ದ ಇಬ್ರಾಹಿಂ ವಜೀರ ಮಾವತ್ ಅವರ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಅಸಿಂಧುವೆಂದು ಸಾರಿತು. ಆದರೆ ನಾಗರಿಕನೋ ಅಲ್ಲವೋ ಎಂಬುದೇ ವಿವಾದವಾದರೆ, ಸಿದ್ಧಪಡಿಸುವ ಭಾರ ಅವನ ಮೇಲೆಯೇ ಬೀಳುತ್ತದೆ. ಸಾಮಾನ್ಯ ಖಟ್ಲೆಯಲ್ಲಿ ಸರಕಾರವು ಆರೋಪವನ್ನು ಸಿದ್ಧಪಡಿಸಬೇಕು. ಇಲ್ಲಿ ‘ನಾನು ಇಲ್ಲಿಯವನು’ ಎಂದು ಮನುಷ್ಯನೇ ಸಿದ್ಧಪಡಿಸಬೇಕು. 2024ರ ಜುಲೈಯಲ್ಲಿ ಅಸಾಮದ ನಲಬಾಡಿ ಕಡೆಯ ಒಬ್ಬನ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಇದಕ್ಕೊಂದು ಅಂಕೆಯನ್ನು ಹಾಕಿತು: ಯಾವ ಆಧಾರವೂ ಇಲ್ಲದೆ ಯಾರನ್ನೋ ಹಿಡಿದು ಸಿದ್ಧಪಡಿಸೆನ್ನಲಾಗದು, ಕಾಗದಗಳಲ್ಲಿ ಹೆಸರಿನ ಕಾಗುಣಿತ ಅಷ್ಟಿಷ್ಟು ಬೇರೆಯಾಗಿದ್ದರೆ ಅದರಿಂದಲೇ ಅವನು ಪರದೇಶದವನಾಗುವುದಿಲ್ಲ.

2025ರ ಜೂನಿನಲ್ಲಿ ಆದುದನ್ನು ಕೇಳಿರಿ. ಪಶ್ಚಿಮ ಬಂಗಾಲದ ಬೀರಭೂಮ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು ಗಂಡ ಮತ್ತು ಚಿಕ್ಕ ಮಗನೊಡನೆ ದಿಲ್ಲಿಯಲ್ಲಿ ಹಿಡಿದು ಬಾಂಗ್ಲಾದೇಶದವರೆಂದು ಗಡಿ ದಾಟಿಸಿದರು. ಅಲ್ಲಿಯ ಸರಕಾರ ಅವಳನ್ನು, ಅಕ್ರಮವಾಗಿ ಬಂದ ಭಾರತೀಯಳೆಂದು ಜೇಲಿಗೆ ಹಾಕಿತು! ಸಪ್ಟಂಬರದಲ್ಲಿ ಕಲಕತ್ತಾ ಹೈಕೋರ್ಟು ಕರೆತರಬೇಕೆಂದು ಆಜ್ಞೆ ಮಾಡಿತು. ತಾಯಿ-ಮಗ ಮರಳಿದುದು ಡಿಸೆಂಬರದಲ್ಲಿ. ಅದೇ ಜೂನಿನಲ್ಲಿ ಮುಂಬಯಿಯ ಸುತ್ತಮುತ್ತ ಕೂಲಿಗೆ ಬಂದಿದ್ದ ಬಂಗಾಲದ ಕೆಲವರನ್ನೂ ಹೀಗೆಯೇ ದಾಟಿಸಿ ಮರಳಿ ಕರೆತರಬೇಕಾಯಿತು. ಇವರು ಮಾಡಿದ ಅಪರಾಧವೇನು? ಗಡಿಯ ಎರಡೂ ಕಡೆ ಆಡುವ ಭಾಷೆಯೊಂದನ್ನು ಆಡಿದುದು. ಈ ಸಭೆಯಲ್ಲಿ ಕುಳಿತವರೆಲ್ಲರೂ ಅಂಥ ಭಾಷೆಯೊಂದನ್ನು ಆಡುವವರೇ. ನಮ್ಮ ಗಡಿ ರಾಜ್ಯರಾಜ್ಯಗಳ ನಡುವಿನದು, ದೇಶಗಳ ನಡುವಿನದಲ್ಲ. ಅದು ನಮ್ಮ ಭಾಗ್ಯ, ನಮ್ಮ ಯೋಗ್ಯತೆಯಲ್ಲ.

ನಮ್ಮ ಸೊಲ್ಲಾಪುರವೂ ಈ ಬಗೆಯ ಹಣೆಪಟ್ಟಿಯನ್ನು ಕಂಡ ಊರು. ‘ಅಪರಾಧಿ ಜಾತಿ’ಗಳ ಕಾಯಿದೆಯೆಂಬುದು 1871ರಿಂದ ಇತ್ತು. ಹುಟ್ಟಿನಿಂದಲೇ ಅಪರಾಧಿಗಳೆಂದು ಇಡೀ ಕುಲಗಳನ್ನು ಪಟ್ಟಿಗೆ ಸೇರಿಸಿ ಇಲ್ಲಿ ತಂತಿಬೇಲಿಯ ಸೆಟಲ್‌ಮೆಂಟಿನಲ್ಲಿಟ್ಟು ಹಾಜರಿ ತೆಗೆದುಕೊಳ್ಳುತ್ತಿದ್ದರು. ಮುಂಬಯಿ ರಾಜ್ಯದಲ್ಲಿ 1949ರಲ್ಲಿ, ದೇಶಕ್ಕೆಲ್ಲ 1952ರ ಆಗಸ್ಟ 31ರಂದು ಆ ಕಾಯಿದೆ ತೊಲಗಿತು. ‘ಸೆಟಲ್‌ಮೆಂಟ್ ಫ್ರೀ ಕಾಲನಿ’ ಎಂಬ ಹೆಸರು ಇಂದಿಗೂ ಉಳಿದಿದೆ. ಹೊರಗೆ ಹಾಕುವುದಕ್ಕೂ ಬೇಲಿಯೊಳಗೆ ಹಾಕುವುದಕ್ಕೂ ಮೇಲ್ನೋಟಕ್ಕೆ ಎಷ್ಟು ಅಂತರ! ಆದರೆ ಒಬ್ಬನು ಮಾಡಿದುದಕ್ಕೆ ಅವನ ಕುಲವನ್ನೋ ಭಾಷೆಯನ್ನೋ ಗುರುತಿಸತೊಡಗಿದರೆ ಎರಡೂ ಒಂದೇ ಕೆಲಸ.

ಹಾಗೆಂದು, ಪರದೇಶದಿಂದ ಬಂದು ಇಲ್ಲಿ ಕೊಲೆ-ಸುಲಿಗೆ ಮಾಡಿದವನನ್ನು ಉಳಿಸಿಕೊಳ್ಳಬೇಕೆಂದು ನಾನು ವಾದಿಸುವವನಲ್ಲ. ಶಿಕ್ಷೆ ಮುಗಿದ ದಿನವೇ ಅವನು ಹೊರಡುವಂತಿರಬೇಕು. ಅದಕ್ಕೆ ಬೇಕಾದ ಕಾಗದವನ್ನು ಶಿಕ್ಷೆ ಆರಂಭವಾದ ದಿನವೇ ರಾಯಭಾರ ಕಚೇರಿಗೆ ಬರೆಯಬೇಕು, ಕೊನೆಯ ದಿನವಲ್ಲ. ವಿದೇಶೀಯರ ಮೇಲಿನ ಖಟ್ಲೆಗಳನ್ನು ಮೊದಲು ಕೈಗೆತ್ತಿಕೊಳ್ಳಬೇಕು. ಸಣ್ಣ ಅಪರಾಧವಾದರೆ, ನೊಂದವನಿಗೆ ಅವನ ಹಾನಿಯನ್ನು ತುಂಬಿಸಿಕೊಟ್ಟು, ಕೋರ್ಟಿನ ಒಪ್ಪಿಗೆಯಿಂದ ಖಟ್ಲೆಯನ್ನು ಹಿಂತೆಗೆದುಕೊಂಡು ಕಳುಹುವುದೇ ಲೇಸು. ಹಾಗೆ ಹಿಂತೆಗೆಯಲು ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಪರದೇಶದವನೆಂಬ ತೀರ್ಮಾನ ಮಾತ್ರ ಪೊಲೀಸ ಚೌಕಿಯಲ್ಲಿ ಆಗಕೂಡದು. ಹುಡುಗನಿಗೂ ಇದನ್ನೇ ಹೇಳಿದೆ. ಅವನಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಕಡೆಯದಾಗಿ ಒಂದು ವ್ಯವಹಾರದ ಮಾತು. 1955ರ ನಾಗರಿಕತ್ವ ಕಾಯಿದೆಯಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗಾಗಿ ಈ ದೇಶದಲ್ಲಿ ಹುಟ್ಟಿದವನು, ಕೆಲವು ಅಪವಾದಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ನಾಗರಿಕ. ಆಮೇಲೆ ಹುಟ್ಟಿದವರಿಗೆ ತಂದೆತಾಯಿಗಳ ವಿಷಯವೂ ಬರುತ್ತದೆ. 2004ರ ಡಿಸೆಂಬರ 3ರಿಂದ ಅದು ಇನ್ನೂ ಬಿಗಿಯಾಗಿದೆ. ಎಂದರೆ ಅಜ್ಜ-ಅಪ್ಪಂದಿರ ಕಾಗದಗಳು ಮೊಮ್ಮಕ್ಕಳಿಗೆ ಬೇಕಾಗಬಹುದು. ನಮ್ಮ ಮನೆಗಳಲ್ಲಿ ಅವು ಹೇಗಿವೆ? ಅಜ್ಜನ ಉತಾರ ಸಂಸ್ಥಾನದ ಕಾಲದ ಮೋಡಿ ಲಿಪಿಯಲ್ಲಿ, ಅಜ್ಜಿಯ ತವರಿನದು ನಿಜಾಮರ ಕಾಲದ ಉರ್ದುವಿನಲ್ಲಿ, ಅಪ್ಪನ ಶಾಲೆಯ ದಾಖಲೆ ಕನ್ನಡದಲ್ಲಿ, ರೇಶನ್ ಕಾರ್ಡು ಮರಾಠಿಯಲ್ಲಿ, ಆಧಾರ ಇಂಗ್ಲಿಷಿನಲ್ಲಿ. ‘ಸಿದ್ರಾಮಪ್ಪ’ ಒಂದರಲ್ಲಿ ‘ಸಿದ್ಧಾರಾಮ’, ಇನ್ನೊಂದರಲ್ಲಿ ‘ಸಿದಾರಾಮ’. ಅಡ್ಡಹೆಸರು ಒಂದರಲ್ಲಿದ್ದರೆ ಒಂದರಲ್ಲಿಲ್ಲ. ಮನುಷ್ಯ ಒಬ್ಬನೇ, ಕಾಗದದಲ್ಲಿ ನಾಲ್ವರು.

ಸಂಘದ ಹಿರಿಯರೊಡನೆ ಮಾತನಾಡಿದ್ದೇನೆ. ಪ್ರತಿ ತಿಂಗಳ ಎರಡನೆಯ ಮತ್ತು ನಾಲ್ಕನೆಯ ರವಿವಾರ ಮುಂಜಾನೆ ನಾವು ಕೆಲವರು ಸಂಘದ ವಾಚನಾಲಯದಲ್ಲಿ ಕುಳಿತಿರುತ್ತೇವೆ. ಮನೆಯಲ್ಲಿರುವ ಹಳೆಯ ಕಾಗದಗಳನ್ನು, ಹರಿದಿದ್ದರೂ ಸರಿ, ತರಬೇಕು. ಎಲ್ಲರ ಹೆಸರನ್ನೂ ಒಂದೇ ಕಾಗುಣಿತದಲ್ಲಿ ಬರೆದು, ಯಾವ ದಾಖಲೆಯಲ್ಲಿ ಯಾವ ತಿದ್ದುಪಡಿಯಾಗಬೇಕೆಂಬ ಪಟ್ಟಿಯನ್ನು ಮಾಡಿಕೊಡುತ್ತೇವೆ, ಅರ್ಜಿಯನ್ನೂ ಬರೆದುಕೊಡುತ್ತೇವೆ. ಶುಲ್ಕವಿಲ್ಲ. ಮೋಡಿ ಓದಬಲ್ಲ ಹಿರಿಯರು ಇಬ್ಬರು ಒಪ್ಪಿಕೊಂಡಿದ್ದಾರೆ. ಅವರಿಗೆ ಸಂಜೆ ಕಣ್ಣು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ದಯಮಾಡಿ ಹನ್ನೊಂದು ಗಂಟೆಯೊಳಗಾಗಿ ಬರಬೇಕು.